ರೂಟರ್ ಮಷೀನ್ ಹಿಡಿಯುವಾಗ ಗ್ಲೌಸ್ ಹಾಕಬೇಕೇ? ಬಡಗಿ ಕೆಲಸದ ಫಾರ್ವರ್ಡ್‌ಗಳಲ್ಲಿ ಸರಿ ಯಾವುದು, ತಪ್ಪು ಯಾವುದು

ಮೊದಲೇ ಹೇಳಿಬಿಡುತ್ತೇವೆ: ಇದು ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತಾ ಕೂತಿರುವ ವೈಫೈ ಪೆಟ್ಟಿಗೆಯ ವಿಷಯವಲ್ಲ. ಹೆಸರು ಒಂದೇ, ವಸ್ತು ಬೇರೆ. ಬಾಗಿಲಿನ ಅಂಚಿಗೆ ಡಿಸೈನ್ ತೆಗೆಯಲು, ಪ್ಲೈವುಡ್‌ನಲ್ಲಿ ಗ್ರೂವ್ ಹೊಡೆಯಲು, ಅಂಟಿಸಿದ ಮೈಕಾದ ಅಂಚು ಸವರಲು ಬಡಗಿಗಳು ಬಳಸುವ, ವೈರ್ ಇರುವ ಕೈ ಮಷೀನ್ ಇದು. ಒಂದೇ ಕೈಯಲ್ಲಿ ಹಿಡಿಯುವಂಥ ಇದರ ಸಣ್ಣ ರೂಪಕ್ಕೆ ಟ್ರಿಮ್ಮರ್ ಎನ್ನುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಹೀಗೆ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಬಡಿಗೇರ ಮನೆತನಗಳಿಗೆ ಮರಗೆಲಸ ಹೊಸದಲ್ಲ. ನೇಗಿಲು, ಕುಂಟೆ, ಕೂರಿಗೆ, ಬಂಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ರೈತರಿಂದ ಆಯ ಪಡೆಯುತ್ತಿದ್ದ ದಿನಗಳು ಹಿರಿಯರ ನೆನಪಿನಲ್ಲಿ ಇನ್ನೂ ಇವೆ. ಟ್ರ್ಯಾಕ್ಟರ್ ಬಂದ ಮೇಲೆ ಕೆಲಸ ಬಾಗಿಲು, ಕಿಟಕಿ, ಮಂಚ, ಅಡುಗೆಮನೆಯ ಕಪಾಟುಗಳ ಕಡೆ ತಿರುಗಿತು. ಉಳಿ, ಬಾಚಿಯ ಚೀಲಕ್ಕೆ ಡ್ರಿಲ್, ಗ್ರೈಂಡರ್, ರೂಟರ್ ಸೇರಿದವು. ಉಳಿ ಹಿಡಿಯುವುದನ್ನು ಅಪ್ಪನೋ ದೊಡ್ಡಪ್ಪನೋ ಕೂರಿಸಿಕೊಂಡು ಕಲಿಸಿದ್ದರು. ರೂಟರ್ ಹಿಡಿಯುವುದನ್ನು ಕಲಿಸುತ್ತಿರುವುದು ಮಾತ್ರ ಬಹುಮಟ್ಟಿಗೆ ಮೊಬೈಲ್. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಹೊಳೆಯುವ ಅಂಚು ಕಾಣುತ್ತದೆ, ಕೈ ಎಲ್ಲಿಡಬೇಕು ಎಂಬುದು ಕಾಣುವುದಿಲ್ಲ.

ಅಪಾಯದ ಮೂಲ ಇರುವುದೂ ಅಲ್ಲೇ. ಉಳಿಯ ಕೆಲಸದಲ್ಲಿ ಕೈ ನಿಂತರೆ ಉಳಿಯೂ ನಿಲ್ಲುತ್ತದೆ. ಕಾಲಿನಿಂದ ಮರ ಅದುಮಿ ಹಿಡಿಯುವುದು, ಅಂಚಿನ ಮೇಲೆ ಬೆರಳಾಡಿಸಿ ನಯ ನೋಡುವುದು, ಬಿದ್ದ ಹೊಟ್ಟನ್ನು ಕೈಯಿಂದ ಸರಿಸುವುದು, ಇವೆಲ್ಲ ಕೈ ಉಪಕರಣಗಳ ಜತೆ ತಲೆಮಾರುಗಳಿಂದ ಬಂದ ಒಳ್ಳೆಯ ಅಭ್ಯಾಸಗಳು. ರೂಟರ್‌ನ ಮುಂದೆ ಇವೇ ಅಭ್ಯಾಸಗಳು ಬೆರಳು ತೆಗೆಯುತ್ತವೆ. ಸ್ವಿಚ್ ಆಫ್ ಮಾಡಿದ ಮೇಲೂ ಅದರ ಬಿಟ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ.

ಎಷ್ಟು ವೇಗ?

ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುತ್ತದೆ. ಮನೆಗೆಲಸದ ಡ್ರಿಲ್ ಮಷೀನ್ 3,000ದ ಆಸುಪಾಸು. ರೂಟರ್‌ಗಳು ತಿರುಗುವುದು ಸಾಮಾನ್ಯವಾಗಿ 10,000ದಿಂದ 30,000 ಸುತ್ತು. 24,000 ಎಂದು ಇಟ್ಟುಕೊಂಡರೂ ಸೆಕೆಂಡಿಗೆ 400 ಸುತ್ತಾಯಿತು. ಬಿಟ್‌ಗೆ ಎರಡು ಅಲಗು ಇದ್ದರೆ ಸೆಕೆಂಡಿಗೆ 800 ಏಟು. ಏನೋ ಆಯಿತು ಎಂದು ಗೊತ್ತಾಗಿ ಕೈ ಹಿಂದಕ್ಕೆ ಎಳೆಯಲು ನಮಗೆ ಸುಮಾರು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 200 ಏಟು ಬಿದ್ದಿರುತ್ತದೆ. "ಹುಷಾರಾಗಿದ್ದರೆ ಸಾಕು, ತಟ್ಟನೆ ಕೈ ತೆಗೀತೀನಿ" ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಫಾರ್ವರ್ಡ್ ಹೇಳುವುದು: "ಗ್ಲೌಸ್ ಇಲ್ಲದೆ ಮಷೀನ್ ಮುಟ್ಟಬೇಡಿ"

ಕೇಳಲು ಒಳ್ಳೆಯ ಸಲಹೆ. ಗಾರೆ ಕೆಲಸಕ್ಕೆ, ಕಬ್ಬಿಣ ಹೊರುವುದಕ್ಕೆ, ವೆಲ್ಡಿಂಗ್‌ಗೆ ಸರಿಯೂ ಹೌದು. ಆದರೆ ತಿರುಗುವ ಬಿಟ್ ಇರುವ ಕಡೆ ಇದು ತಿರುಗುಬಾಣ.

ಬರಿಗೈಯ ಬೆರಳಿನ ತುದಿ ಬಿಟ್‌ಗೆ ತಾಗಿದರೆ ಅಷ್ಟು ಜಾಗ ಕತ್ತರಿಸುತ್ತದೆ. ಅದೇ ಕೆಟ್ಟದ್ದು. ಗ್ಲೌಸ್‌ನ ನೂಲು ತಾಗಿದರೆ ಬಿಟ್ ಅದನ್ನು ಕತ್ತರಿಸುವ ಬದಲು ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ 400 ಸುತ್ತಿನಲ್ಲಿ ಸುತ್ತಿಕೊಳ್ಳುವ ಬಟ್ಟೆ ತನ್ನೊಳಗಿನ ಬೆರಳನ್ನೂ ಎಳೆದುಕೊಂಡೇ ಹೋಗುತ್ತದೆ. ತುದಿಗೆ ಆಗಬೇಕಿದ್ದ ಗಾಯ ಇಡೀ ಬೆರಳಿಗೆ ಆಗುತ್ತದೆ. ಹತ್ತಿ ಗ್ಲೌಸ್ ಇರಲಿ, ಚರ್ಮದ್ದಿರಲಿ, ತಿರುಗುವ ಅಲಗನ್ನು ತಡೆಯುವ ಶಕ್ತಿ ಎರಡಕ್ಕೂ ಇಲ್ಲ.

ಇದೇ ಕಾರಣ ಹೆಗಲ ಮೇಲಿನ ಟವೆಲ್‌ಗೂ ಅನ್ವಯಿಸುತ್ತದೆ. ಇಳಿಬಿದ್ದ ಶರ್ಟಿನ ತೋಳು, ಸಡಿಲ ಲುಂಗಿಯ ತುದಿ, ಕೊರಳ ಸರ, ಉಂಗುರ, ಜಾತ್ರೆಯಲ್ಲಿ ಮುಂಗೈಗೆ ಕಟ್ಟಿಸಿಕೊಂಡ ದಾರಕ್ಕೂ ಅಷ್ಟೇ. ದಾರ ಬಿಚ್ಚಬಾರದು ಎನ್ನುವವರು ಅದರ ಮೇಲೆ ಮುಂಗೈಗೆ ಬಿಗಿಯಾಗಿ ಕೂರುವ ಬ್ಯಾಂಡ್ ಹಾಕಿಕೊಂಡು ತುದಿಗಳನ್ನು ಒಳಗೆ ಸೇರಿಸಬಹುದು. ಉದ್ದ ಕೂದಲಿದ್ದರೆ ಕಟ್ಟಬೇಕು.

ಹಾಗಾದರೆ ಗ್ಲೌಸ್ ಬೇಡವೇ ಬೇಡವೇ? ಬೇಕು. ಒರಟು ಹಲಗೆ ಎತ್ತುವಾಗ ಬೇಕು, ಪ್ಲಗ್ ಕಿತ್ತ ಮೇಲೆ ಬಿಟ್ ಬದಲಿಸುವಾಗಲೂ ಬೇಕು. ಆಗ ತಾನೇ ಕೆಲಸ ಮಾಡಿದ ಬಿಟ್ ಚರ್ಮ ಸುಡುವಷ್ಟು ಕಾದಿರುತ್ತದೆ, ಹರಿತವಂತೂ ಇದ್ದೇ ಇರುತ್ತದೆ. ಬಿಟ್ ತಿರುಗುವ ಹೊತ್ತಿನಲ್ಲಿ ಮಾತ್ರ ಗ್ಲೌಸ್ ಬೇಡ.

ಆ ಹೊತ್ತಿನಲ್ಲಿ ಕೈಗೆ ರಕ್ಷಣೆ ಕೊಡುವುದು ಮಷೀನಿನ ಎರಡು ಹಿಡಿಕೆಗಳು. ಎರಡೂ ಕೈ ಹಿಡಿಕೆಯ ಮೇಲಿದ್ದರೆ ಬಿಟ್‌ನ ಹತ್ತಿರ ಕೈ ಹೋಗಲು ಸಾಧ್ಯವೇ ಇಲ್ಲ. ಆದರೆ ಎರಡೂ ಕೈ ಮಷೀನಿಗೆ ಕೊಟ್ಟರೆ ಮರವನ್ನು ಹಿಡಿಯುವವರು ಯಾರು? ನೆಲದ ಮೇಲೆ ಕೂತು ಕೆಲಸ ಮಾಡುವ ನಮ್ಮ ಕಡೆಯ ರೂಢಿಯಲ್ಲಿ ಆ ಕೆಲಸ ಪಾದದ್ದು, ಇಲ್ಲವೇ ಎದುರು ಕೂತ ಹುಡುಗನದ್ದು. ಎರಡೂ ಬೇಡ. ಎರಡು ಸಿ-ಕ್ಲಾಂಪ್ ತಂದು ಹಲಗೆಯನ್ನು ಗಟ್ಟಿ ಮೇಜಿಗೆ ಬಿಗಿಯಿರಿ. ನಮ್ಮನ್ನು ಕೇಳಿದರೆ, ರೂಟರ್ ಕೊಳ್ಳುವ ದಿನವೇ ಅಂಗಡಿಯಲ್ಲಿ ಕೊಳ್ಳಬೇಕಾದ ಎರಡನೆಯ ವಸ್ತು ಕ್ಲಾಂಪ್. ಗ್ಲೌಸ್‌ಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ.

ತುಂಬಾ ಸಣ್ಣ ತುಂಡಿಗೆ ಡಿಸೈನ್ ಬೇಕಾದರೆ? ದೊಡ್ಡ ಹಲಗೆಯ ಅಂಚಿಗೆ ಮೊದಲು ಡಿಸೈನ್ ತೆಗೆದು, ಆಮೇಲೆ ಆ ಅಳತೆಗೆ ತುಂಡು ಕತ್ತರಿಸಿಕೊಳ್ಳಿ. ಅಂಗೈ ಅಗಲದ ತುಂಡನ್ನು ಕೈಯಲ್ಲಿ ಹಿಡಿದು ರೂಟರ್‌ಗೆ ಒಡ್ಡುವ ವಿಡಿಯೋ ಬಂದರೆ ಅದನ್ನು ಯಾರಿಗೂ ಕಳಿಸಬೇಡಿ.

ಯಾವ ಕಡೆಯಿಂದ ಯಾವ ಕಡೆಗೆ?

ವಿಡಿಯೋಗಳಲ್ಲಿ ಸುಲಭವಾಗಿ ತಪ್ಪಿಹೋಗುವ ವಿಷಯ ಇದು. ಮಷೀನನ್ನು ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆಯ ಅಂಚಿನ ಎದುರು ನೀವು ನಿಂತಿದ್ದೀರಿ, ಅಂಚು ನಿಮ್ಮ ಕಡೆಗಿದೆ ಎಂದುಕೊಳ್ಳಿ. ಆಗ ಮಷೀನನ್ನು ಎಡದಿಂದ ಬಲಕ್ಕೆ ಒಯ್ಯಬೇಕು. ಹಲಗೆಯ ನಾಲ್ಕೂ ಹೊರ ಅಂಚು ಸುತ್ತುವುದಾದರೆ ಗಡಿಯಾರಕ್ಕೆ ವಿರುದ್ಧವಾಗಿ, ಅಂದರೆ ಅಪ್ರದಕ್ಷಿಣೆಯಾಗಿ ಸುತ್ತಬೇಕು. ಚೌಕಟ್ಟಿನ ಒಳ ಅಂಚಾದರೆ ಪ್ರದಕ್ಷಿಣೆ.

ಹೀಗೆ ಹೋದಾಗ ಬಿಟ್ ಮರವನ್ನು ನಿಮಗೆ ಎದುರಾಗಿ ಕಡಿಯುತ್ತದೆ, ಮಷೀನ್ ಸ್ವಲ್ಪ ಹಿಂದಕ್ಕೆ ಒತ್ತುತ್ತದೆ, ನೀವು ಅದನ್ನು ತಳ್ಳಬೇಕಾಗುತ್ತದೆ. ಆ ಒತ್ತು ಕೈಗೆ ತಿಳಿಯುವುದೇ ಒಳ್ಳೆಯದು, ಹಿಡಿತ ನಿಮ್ಮಲ್ಲಿರುತ್ತದೆ. ಉಲ್ಟಾ ಒಯ್ದರೆ ಮಷೀನ್ ತಾನೇ ಮುಂದಕ್ಕೆ ಓಡತೊಡಗುತ್ತದೆ. "ಎಷ್ಟು ಸಲೀಸಾಗಿ ಹೋಗ್ತೈತಿ ನೋಡು" ಎನ್ನಿಸುವುದು ಆ ಕ್ಷಣದಲ್ಲೇ. ಒಂದು ಗಂಟು ಸಿಕ್ಕಿತೆಂದರೆ ಅಂಚಿನ ಮೇಲೆ ನೆಗೆದು ಕೈ ತಪ್ಪುತ್ತದೆ.

ನೆನಪಿಡಲು ಒಂದು ಉಪಾಯವಿದೆ. ಬಲಗೈಯನ್ನು ಅಂಗೈ ಕೆಳಗೆ ಮಾಡಿ ಚಾಚಿ, ಹೆಬ್ಬೆರಳನ್ನು ಪಕ್ಕಕ್ಕೆ ಬಿಡಿಸಿ. ಹೆಬ್ಬೆರಳು ಕಡಿಯಬೇಕಾದ ಮರದ ಕಡೆ ತೋರಿಸುವಂತೆ ಕೈ ಇಟ್ಟರೆ, ತೋರುಬೆರಳು ತೋರಿಸುವುದೇ ಮಷೀನ್ ಹೋಗಬೇಕಾದ ದಿಕ್ಕು. ಒಮ್ಮೆ ಮೊಬೈಲ್ ಕೆಳಗಿಟ್ಟು ಮೇಜಿನ ಅಂಚಿನಲ್ಲಿ ಮಾಡಿ ನೋಡಿ, ಬೇಗ ಹತ್ತುತ್ತದೆ.

ರೂಟರನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು ಟೇಬಲ್ ಮಾಡಿಕೊಂಡವರಿಗೆ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಮಷೀನ್ ನಿಂತಿರುತ್ತದೆ, ಮರ ಚಲಿಸುತ್ತದೆ. ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಆನಿಕೆಯ ಪಟ್ಟಿ ಮತ್ತು ಬಿಟ್‌ನ ನಡುವಿನ ಸಂದಿಯಲ್ಲಿ ಮರ ತೂರಿಸಬಾರದು, ಹಾಗೆ ಮಾಡಿದರೆ ತುಂಡು ಬಾಣದಂತೆ ಹಾರುತ್ತದೆ, ಹಿಂದೆ ಇದ್ದ ಕೈ ಬಿಟ್‌ನ ಮೇಲೆ ಬೀಳುತ್ತದೆ. ಕೊನೆಯ ಗೇಣು ಉದ್ದವನ್ನು ಬೆರಳಿನಿಂದ ತಳ್ಳದೆ ಒಂದು ಕಟ್ಟಿಗೆ ತುಂಡಿನಿಂದ ತಳ್ಳಿ.

ಕರೆಂಟ್ ಹೋಯಿತು. ಮಷೀನ್ ನಿಂತಿತೇ?

ನಮ್ಮ ಕಡೆ ಈ ಪ್ರಶ್ನೆಗೆ ಬೇರೆಲ್ಲೆಡೆಗಿಂತ ಹೆಚ್ಚು ಬೆಲೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಮಷೀನ್ ಸದ್ದು ನಿಲ್ಲುತ್ತದೆ. ಟ್ರಿಗರ್ ಒತ್ತಿ ಹಿಡಿಯುವ ಕಷ್ಟ ಬೇಡವೆಂದು ಲಾಕ್ ಬಟನ್ ಹಾಕಿರುತ್ತೇವೆ, ಟ್ರಿಮ್ಮರ್ ಆದರೆ ಅದರ ಸ್ವಿಚ್ ಆನ್ ಆಗಿಯೇ ಉಳಿಯುವಂಥದ್ದು. ಹೇಗೂ ಕರೆಂಟ್ ಇಲ್ಲವಲ್ಲ ಎಂದು ಮಷೀನನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿ ಚಹಾ ಕುಡಿಯಲು ಹೋಗುತ್ತೇವೆ. ಇಲ್ಲವೇ "ಬಿಟ್ ಮೊಂಡಾಗೈತೇನು ನೋಡೋಣ" ಎಂದು ಕೈಯಲ್ಲೇ ಬಿಚ್ಚತೊಡಗುತ್ತೇವೆ. ಹತ್ತು ನಿಮಿಷಕ್ಕೆ ಕರೆಂಟ್ ಬರುತ್ತದೆ. ಸ್ವಿಚ್ ಆನ್ ಇರುವ ರೂಟರ್ ಒಂದೆರಡು ಸೆಕೆಂಡಿನೊಳಗೆ ಪೂರ್ತಿ ವೇಗಕ್ಕೆ ಏರಿ ಮೇಜಿನ ಮೇಲೆ ಕುಣಿಯುತ್ತದೆ. ಪಕ್ಕದಲ್ಲಿ ಮಗು ಆಡುತ್ತಿರಬಹುದು. ಬಹಳ ಜನರ ಮರಗೆಲಸ ಮನೆಯ ಪಡಸಾಲೆಯಲ್ಲೇ ನಡೆಯುವುದು.

ಕೆಲವು ಹೊಸ ಮಷೀನ್‌ಗಳಲ್ಲಿ ಕರೆಂಟ್ ಹೋಗಿ ಬಂದರೆ ಮತ್ತೆ ಸ್ವಿಚ್ ಹಾಕುವವರೆಗೂ ಶುರುವಾಗದ ವ್ಯವಸ್ಥೆ ಇರುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಸದ್ದು ನಿಂತ ಕೂಡಲೇ ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಹೊರಗೆ. ಕಾರಣ ಕರೆಂಟ್ ಇರಲಿ, ಸಡಿಲ ಪ್ಲಗ್ ಇರಲಿ, ಸವೆದ ಕಾರ್ಬನ್ ಇರಲಿ, ಕ್ರಮ ಇದೇ. ಮತ್ತೆ ಪ್ಲಗ್ ಹಾಕುವ ಮುನ್ನ ಸ್ವಿಚ್ ಆಫ್ ಇದೆಯೇ ಎಂದು ಕಣ್ಣಿನಿಂದ ನೋಡಿ, ಬಿಟ್ ಮರಕ್ಕೆ ತಾಗಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಬಿಟ್ ಬದಲಿಸುವಾಗ ಸ್ವಿಚ್ ಆಫ್ ಸಾಲದು, ಗೋಡೆಯ ಸ್ವಿಚ್ ಆಫ್ ಕೂಡ ಸಾಲದು, ಯಾರೋ ಬಂದು ಲೈಟ್ ಎಂದುಕೊಂಡು ಅದನ್ನು ಹಾಕಬಹುದು. ಪ್ಲಗ್ಗನ್ನೇ ಕಿತ್ತು ನಿಮ್ಮ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಟ್ಟುಕೊಳ್ಳಿ. "ಏನಾಗಲ್ಲ ಬಿಡೋ ತಮ್ಮಾ, ಇಪ್ಪತ್ತು ವರ್ಷದಿಂದ ಹಿಂಗಾ ಮಾಡ್ಕೊಂತ ಬಂದೀನಿ" ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಇಪ್ಪತ್ತು ವರ್ಷದಲ್ಲಿ ಬಹುಪಾಲು ಅವರ ಕೈಯಲ್ಲಿದ್ದದ್ದು ಉಳಿ.

6 ಮಿ.ಮೀ. ಮತ್ತು ಕಾಲು ಇಂಚು ಒಂದೇ ಅಲ್ಲ

ಅಂಗಡಿಗಳಲ್ಲಿ ಎರಡೂ ಅಳತೆಯ ಬಿಟ್ ಸಿಗುತ್ತವೆ. ಕಾಲು ಇಂಚು ಎಂದರೆ 6.35 ಮಿ.ಮೀ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಟ್‌ನ ಕಾಲನ್ನು ಹಿಡಿಯುವ, ಸೀಳುಗಳಿರುವ ಲೋಹದ ತೋಳಿಗೆ ಕೊಲೆಟ್ ಎನ್ನುತ್ತಾರೆ. ಕಾಲು ಇಂಚಿನ ಕೊಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿದರೆ ನಟ್ ಬಿಗಿಯಾದಂತೆ ಅನ್ನಿಸುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಓಡುವಾಗ ಬಿಟ್ ನಿಧಾನಕ್ಕೆ ಕೆಳಗೆ ಜಾರುತ್ತದೆ, ಗ್ರೂವ್ ತಾನೇ ಆಳವಾಗುತ್ತದೆ, ಕೊನೆಗೆ ಬಿಟ್ ಹಾರಲೂಬಹುದು. 12 ಮಿ.ಮೀ. ಮತ್ತು ಅರ್ಧ ಇಂಚಿನ (12.7 ಮಿ.ಮೀ.) ಕಥೆಯೂ ಇದೇ. ನಡುವೆ ಕಾಗದ ಸುತ್ತಿ, ಟೇಪ್ ಸುತ್ತಿ ಸರಿಮಾಡುವ 'ಐಡಿಯಾ' ವಿಡಿಯೋಗಳಿವೆ. ಅವುಗಳ ಬಗ್ಗೆ ನಮ್ಮ ಅಭಿಪ್ರಾಯ ಒಂದೇ ಶಬ್ದ: ಬೇಡ.

ಬಿಟ್‌ನ ಕಾಲನ್ನು ಕೊಲೆಟ್‌ನ ತಳ ಮುಟ್ಟುವವರೆಗೆ ತೂರಿಸಿ, 2-3 ಮಿ.ಮೀ. ಹಿಂದಕ್ಕೆ ಎಳೆದು, ಆಮೇಲೆ ನಟ್ ಬಿಗಿಯಿರಿ. ತಳಕ್ಕೆ ಒತ್ತಿಯೇ ಬಿಗಿದರೆ ಹಿಡಿತ ಸರಿಯಾಗಿ ಕೂರುವುದಿಲ್ಲ. ಉದ್ದ ಸಾಲದೆಂದು ಕಾಲಿನ ತುದಿಯಷ್ಟನ್ನೇ ಹಿಡಿಸುವುದು ಇನ್ನೂ ಕೆಟ್ಟದ್ದು.

ರೂಟರ್ ಇಲ್ಲದವರು ಅದರ ಬಿಟ್ಟನ್ನು ಡ್ರಿಲ್ ಮಷೀನಿಗೆ ಹಾಕಿ ಅಂಚು ತೆಗೆಯುವ ವಿಡಿಯೋ ಕೂಡ ಓಡಾಡುತ್ತಿರುತ್ತದೆ. ಡ್ರಿಲ್‌ನ ಚಕ್ ನೇರವಾಗಿ ಒತ್ತುವ ಕೆಲಸಕ್ಕೆ ಮಾಡಿದ್ದು, ಪಕ್ಕದ ಎಳೆತ ತಡೆಯುವುದಿಲ್ಲ. ವೇಗವೂ ಸಾಲದು, ಹಾಗಾಗಿ ಬಿಟ್ ಕಡಿಯುವ ಬದಲು ಮರವನ್ನು ಕಚ್ಚಿ ನೆಗೆಯುತ್ತದೆ.

"ಸ್ಪೀಡ್ ಫುಲ್ ಇಟ್ಟರೆ ಕೆಲಸ ನೀಟ್"

ಅರ್ಧ ಸತ್ಯ. ತೆಳ್ಳಗಿನ ಬಿಟ್‌ಗೆ ಹೆಚ್ಚು ವೇಗ ಬೇಕು. ದಪ್ಪ ಬಿಟ್‌ಗೆ ಕಡಿಮೆ. ಬಂಡಿ ಗಾಲಿಯನ್ನು ನೆನಪಿಸಿಕೊಳ್ಳಿ. ಒಂದೇ ಸುತ್ತಿನಲ್ಲಿ ದೊಡ್ಡ ಗಾಲಿಯ ಪಟ್ಟಿ ಹೆಚ್ಚು ದೂರ ಹೋಗುತ್ತದೆ. 24,000 ಸುತ್ತಿನಲ್ಲಿ 12 ಮಿ.ಮೀ. ಬಿಟ್‌ನ ಅಂಚು ಗಂಟೆಗೆ ಸುಮಾರು 54 ಕಿ.ಮೀ. ವೇಗದಲ್ಲಿರುತ್ತದೆ. ಅದೇ ಸುತ್ತಿನಲ್ಲಿ 50 ಮಿ.ಮೀ. ಬಿಟ್‌ನ ಅಂಚಿನ ವೇಗ ಗಂಟೆಗೆ ಸುಮಾರು 226 ಕಿ.ಮೀ.! ಬೆಸೆದ ಕಾರ್ಬೈಡ್ ಅಲಗು ಒಂದು ಚೂರು ಕಿತ್ತು ಬಂದರೂ ಅದೇ ವೇಗದಲ್ಲಿ ಮುಖಕ್ಕೆ ಬರುತ್ತದೆ. ಆದ್ದರಿಂದ ದಪ್ಪ ಬಿಟ್ ಹಾಕಿದಾಗ ವೇಗದ ತಿರುಪನ್ನು 12,000ದ ಆಸುಪಾಸಿಗೆ ಇಳಿಸಬೇಕು. ಬಿಟ್‌ನ ಮೇಲೆ ಗರಿಷ್ಠ ವೇಗ ಬರೆದಿದ್ದರೆ ಅದನ್ನು ಮೀರಬಾರದು. ವೇಗ ಬದಲಿಸಲು ಬಾರದ ಟ್ರಿಮ್ಮರ್‌ಗೆ ದಪ್ಪ ಬಿಟ್ ಹಾಕಲೇಬಾರದು.

ಮರ ಕಪ್ಪಾಗಿ ಸುಟ್ಟ ವಾಸನೆ ಬಂದರೆ ವೇಗ ಹೆಚ್ಚಾಗಿದೆ, ಅಥವಾ ನೀವು ಒಂದೇ ಕಡೆ ತಡೆಯುತ್ತಿದ್ದೀರಿ, ಅಥವಾ ಬಿಟ್ ಮೊಂಡಾಗಿದೆ. ಹಟದಿಂದ ಒತ್ತುವುದು ಯಾವುದಕ್ಕೂ ಪರಿಹಾರವಲ್ಲ. ಆಳವನ್ನೂ ಒಂದೇ ಸಲಕ್ಕೆ ತೆಗೆಯಬೇಡಿ. ತೇಗ, ಜಾಲಿಯಂಥ ಗಟ್ಟಿ ಮರದಲ್ಲಿ ಒಂದು ಸಲಕ್ಕೆ 3 ಮಿ.ಮೀ.ನಷ್ಟು ಸಾಕು. 9 ಮಿ.ಮೀ. ಗ್ರೂವ್ ಬೇಕಾದರೆ ಮೂರು ಸಲ.

ಹಳೆಯ ಮಾಳಿಗೆ ಮನೆ ಕೆಡವಿದಾಗ ಬರುವ ತೊಲೆ, ಕಂಬ, ಬಾಗಿಲು ಒಳ್ಳೆಯ ಮರ, ಬಿಸಾಡಲು ಮನಸ್ಸಾಗುವುದಿಲ್ಲ. ಆದರೆ ಅದರೊಳಗೆ ಮುರಿದು ಉಳಿದ ಮೊಳೆಗಳಿರುತ್ತವೆ. ರೂಟರ್ ಇಡುವ ಮುನ್ನ ಒಂದು ಗಟ್ಟಿ ಅಯಸ್ಕಾಂತವನ್ನು ಮರದ ಮೇಲೆ ಆಡಿಸಿ ನೋಡಿ. ಹಳೆಯ ಸ್ಪೀಕರ್‌ನ ಅಯಸ್ಕಾಂತವೂ ಆದೀತು. ಆಳದಲ್ಲಿರುವ ಮೊಳೆಯನ್ನು ಅದು ಹಿಡಿಯುವುದಿಲ್ಲ, ಹಾಗಾಗಿ ತುಕ್ಕಿನ ಕಲೆ ಇರುವ ಜಾಗದ ಮೇಲೆ ಕಣ್ಣಿರಲಿ.

ಎರಡು ಪಿನ್, ಮೂರು ಪಿನ್, ಬೆಂಕಿಕಡ್ಡಿ

"ಎರಡೇ ಪಿನ್ ಇರುವ ಮಷೀನ್ ಡೂಪ್ಲಿಕೇಟ್, ಶಾಕ್ ಹೊಡೆಯುತ್ತದೆ" ಎಂಬುದು ಸರಿಯಲ್ಲ. ಮಷೀನಿನ ಹೆಸರು ಪಟ್ಟಿಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ ಮಾಡಿದ ಮಷೀನ್. ಅದಕ್ಕೆ ಅರ್ತ್ ತಂತಿ ಬೇಕಿಲ್ಲ, ಎರಡು ಪಿನ್ ಇರುವುದು ಸಹಜ. ಆದರೆ ಲೋಹದ ಮೈಯ ಮಷೀನಿಗೆ ಮೂರು ಪಿನ್ ಕೊಟ್ಟಿದ್ದು, ಬೋರ್ಡಿಗೆ ಹಿಡಿಸಲಿಲ್ಲ ಎಂದು ದಪ್ಪ ಪಿನ್ ಮುರಿದು ಹಾಕಿದರೆ ಅಲ್ಲಿಗೆ ಶಾಕ್‌ನಿಂದ ಇದ್ದ ರಕ್ಷಣೆ ಮುಗಿಯಿತು.

ಕಟ್ಟಡದ ಸೈಟುಗಳಲ್ಲಿ ಸಾಮಾನ್ಯವಾದ ಇನ್ನೊಂದು ದೃಶ್ಯ: ಪ್ಲಗ್ಗೇ ಇಲ್ಲ, ವೈರಿನ ಎರಡು ಬೆತ್ತಲೆ ತುದಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುವುದು. ಶಾಕ್‌ನ ಅಪಾಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಇನ್ನೊಂದು, ಆ ಸಡಿಲ ಜೋಡಣೆ ಬಿಟ್ಟು ಬಿಟ್ಟು ಹತ್ತುತ್ತದೆ ಎಂಬುದು. ನಿಂತ ಮಷೀನ್ ತಾನೇ ಶುರುವಾಗುವುದಕ್ಕೆ ಇದೂ ಒಂದು ದಾರಿ.

1,300 ವ್ಯಾಟ್‌ನ ರೂಟರ್ 230 ವೋಲ್ಟ್‌ನಲ್ಲಿ ಸುಮಾರು 5.7 ಆಂಪಿಯರ್ ಎಳೆಯುತ್ತದೆ. ಎಕ್ಸ್‌ಟೆನ್ಷನ್ ವೈರ್ ಕನಿಷ್ಠ 1.5 ಚದರ ಮಿ.ಮೀ. ತಾಮ್ರದ್ದಿರಲಿ, ಸುರುಳಿ ಪೂರ್ತಿ ಬಿಚ್ಚಿರಲಿ. ಸುತ್ತಿಟ್ಟ ವೈರ್ ಒಳಗೊಳಗೇ ಕಾಯುತ್ತದೆ. ಅಂಗಡಿಯ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ, ಕರೆಂಟ್ ಮೈಮೂಲಕ ನೆಲಕ್ಕೆ ಸೋರಿದಾಗ ಅದು ಕ್ಷಣದಲ್ಲೇ ಕಡಿತಗೊಳಿಸುತ್ತದೆ. ಮಾಮೂಲಿ ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವಾಗ ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡರೆ ಬಿಟ್‌ಗೆ ಸಿಗುವುದಿಲ್ಲ.

ಟವೆಲ್ ಕಟ್ಟಿಕೊಂಡರೆ ಧೂಳು ಒಳಗೆ ಹೋಗುವುದಿಲ್ಲವೇ?

ಕಣ್ಣಿಗೆ ಕಾಣುವ ಹೊಟ್ಟು ಹೋಗುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣ ಹೋಗುತ್ತದೆ. "ಮರ ನೈಸರ್ಗಿಕ, ಅದರ ಧೂಳಿನಿಂದ ಏನೂ ಆಗುವುದಿಲ್ಲ" ಎಂಬ ಮಾತೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್‌ಗೂ ಇದಕ್ಕೂ ಸಂಬಂಧವಿದೆ. ಇದು ವರ್ಷಗಟ್ಟಲೆ ಉಸಿರಾಡಿದವರ ಮಾತು, ಒಂದು ದಿನದ ಕೆಲಸಕ್ಕೆ ಗಾಬರಿ ಬೇಡ. ತೇಗ, ಬೀಟೆಯ ಧೂಳಿನಿಂದ ಚರ್ಮ ತುರಿಸುವುದು, ಸೀನು, ದಮ್ಮು ಬರುವುದು ಮಾತ್ರ ಬೇಗನೇ ಕಾಣಿಸಿಕೊಳ್ಳಬಹುದು. ಪ್ಲೈವುಡ್, ಎಂಡಿಎಫ್ ಹಲಗೆಗಳಲ್ಲಿ ಅಂಟೂ ಇರುತ್ತದೆ, ಧೂಳು ಇನ್ನಷ್ಟು ನಯ.

ಎನ್-95 ಮಾಸ್ಕ್ ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾಯಿತು, ಅದೇ ಸಾಕು, ಮೂಗಿನ ಪಟ್ಟಿ ಒತ್ತಿ ಹಾಕಬೇಕು. ಸಾಧ್ಯವಿದ್ದರೆ ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿ. ಕೆಲಸ ಮುಗಿದ ಮೇಲೆ "ಬೆಲ್ಲ ತಿಂದರೆ ಧೂಳೆಲ್ಲ ಇಳಿದುಹೋಗುತ್ತದೆ" ಎಂಬ ನಂಬಿಕೆ ಬೇಡ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಹೋಗಿರುವುದು ಶ್ವಾಸಕೋಶಕ್ಕೆ.

ಸದ್ದಿನ ವಿಷಯ ಚುಟುಕಾಗಿ: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದೇ ಗಂಟೆ. ರೂಟರ್ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಸಾಕು. ಹಾಡು ಕೇಳುವ ಇಯರ್‌ಫೋನ್ ಅದರ ಬದಲಿಯಲ್ಲ, ಮಷೀನಿನ ಸದ್ದು ಮೀರಲು ವಾಲ್ಯೂಮ್ ಏರಿಸುತ್ತೀರಿ, ಕಿವಿಗೆ ಎರಡೂ ಸೇರಿ ಬೀಳುತ್ತದೆ.

ಯೋಜನೆಯ ಲಿಂಕ್ ಒತ್ತುವ ಮುನ್ನ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. 15,000 ರೂಪಾಯಿಯ ಟೂಲ್‌ಕಿಟ್ ಬಗ್ಗೆ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಅದೇ ಯೋಜನೆಯಲ್ಲಿ 5ರಿಂದ 7 ದಿನದ ಮೂಲ ತರಬೇತಿ ಇದೆ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಇದೆ ಎಂಬುದನ್ನು ಕಡಿಮೆ ಜನ ಹೇಳುತ್ತಾರೆ. ಮಷೀನನ್ನು ಎದುರಿಗೆ ನಿಂತವರಿಂದ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ನೋಂದಣಿ ಆಗುವುದು ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ. "ಈ ಲಿಂಕ್ ಒತ್ತಿ, ಇವತ್ತೇ ಕೊನೆ ದಿನ" ಎಂದು ಆಧಾರ್ ಮತ್ತು ಒಟಿಪಿ ಕೇಳುವ ಸಂದೇಶಗಳಿಗೆ ಉತ್ತರಿಸಬೇಡಿ.

ಗಾಯ ಆಗಿಯೇ ಬಿಟ್ಟರೆ

ಇಲ್ಲಿಯ ತಪ್ಪು ಫಾರ್ವರ್ಡ್‌ಗಳು ಹೆಚ್ಚು ದುಬಾರಿ, ಹಾಗಾಗಿ ನಿಧಾನವಾಗಿ ಓದಿ.

ಪ್ಲಗ್ ಕಿತ್ತು, ಸ್ವಚ್ಛ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಬಟ್ಟೆ ನೆಂದರೆ ತೆಗೆಯಬೇಡಿ, ಅದರ ಮೇಲೇ ಇನ್ನೊಂದು ಇಡಿ. ಆ ಕೈಯಲ್ಲಿ ಉಂಗುರ ಇದ್ದರೆ ಊತ ಬರುವ ಮುನ್ನ ಬಿಚ್ಚಿ. ಕಾಫಿ ಪುಡಿ, ಅರಿಶಿನ, ಸುಣ್ಣ, ಬೀಡಿ ಬೂದಿ ಯಾವುದನ್ನೂ ತುಂಬಬೇಡಿ. ರಕ್ತ ನಿಂತಂತೆ ಕಂಡರೂ ಡಾಕ್ಟರು ಅದನ್ನೆಲ್ಲ ಉಜ್ಜಿ ತೆಗೆಯಬೇಕು, ಒಳಗೆ ಉಳಿದದ್ದು ಕೀವಾಗುತ್ತದೆ. ಬೆರಳಿನ ಬುಡಕ್ಕೆ ದಾರ, ರಬ್ಬರ್ ಬಿಗಿದು ಗಂಟೆಗಟ್ಟಲೆ ಬಿಡುವುದೂ ತಪ್ಪು.

ಬೆರಳು ತುಂಡಾದರೆ "ಕೂಡಲೇ ಐಸ್ ಒಳಗೆ ಹಾಕಿ" ಎಂಬ ಸಂದೇಶ ಅರ್ಧ ಸರಿ, ಆ ಇನ್ನರ್ಧ ಬೆರಳನ್ನು ಹಾಳು ಮಾಡುತ್ತದೆ. ನೇರವಾಗಿ ಐಸ್ ತಾಗಿದ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ, ಆಮೇಲೆ ಜೋಡಿಸಲು ಬರುವುದಿಲ್ಲ. ತುಂಡನ್ನು ಉಜ್ಜದೆ, ತೀರಾ ಕೊಳೆಯಾಗಿದ್ದರೆ ಶುದ್ಧ ನೀರು ಸುರಿದು, ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ. ಅದನ್ನು ನೀರು ನುಗ್ಗದ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಕವರಿನಲ್ಲಿಡಿ. ಹಾಲಿನಲ್ಲಿ, ಡೆಟಾಲ್‌ನಲ್ಲಿ ಮುಳುಗಿಸಬೇಡಿ. ಬೆರಳಿನಲ್ಲಿ ಸ್ನಾಯು ಇಲ್ಲದ ಕಾರಣ ತಂಪಾಗಿದ್ದರೆ ಅದು ತೋಳಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. ಹಾಗಾಗಿ "ಊರಿಂದ ದೊಡ್ಡಾಸ್ಪತ್ರೆಗೆ ಹೋಗೋದ್ರಾಗ ಟೈಮ್ ಮುಗೀತೈತಿ" ಎಂದು ತುಂಡನ್ನು ಬಿಟ್ಟುಬರಬೇಡಿ. ಒಂದು ಸತ್ಯವನ್ನೂ ಹೇಳಬೇಕು: ರೂಟರ್ ಬಿಟ್ ಕೊಡಲಿಯಂತೆ ಒಂದೇ ಏಟಿಗೆ ಕಡಿಯುವುದಿಲ್ಲ, ಅರೆದುಹಾಕುತ್ತದೆ. ಅಂಥ ಬೆರಳನ್ನು ಜೋಡಿಸುವುದು ಬಹಳ ಸಲ ಆಗುವುದಿಲ್ಲ. ಆಗುತ್ತದೋ ಇಲ್ಲವೋ ಎಂಬುದನ್ನು ಸರ್ಜನ್ ನೋಡಿಯೇ ಹೇಳಬೇಕು.

108ಕ್ಕೆ ಕರೆ ಮಾಡಿ, ಬೆರಳು ತುಂಡಾಗಿದೆ ಎಂದು ಸ್ಪಷ್ಟವಾಗಿ ಹೇಳಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಕಟ್ಟಿಸಿ, ಪ್ಲಾಸ್ಟಿಕ್ ಅಥವಾ ಕೈ ಸರ್ಜನ್ ಎಲ್ಲಿದ್ದಾರೆಂದು ಅಲ್ಲಿಂದಲೇ ಫೋನ್ ಮಾಡಿಸಿ ಕೇಳಿ ಹೊರಡಿ. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ, ಕೂಡ್ಲಿಗಿಯವರಿಗೆ ಬಳ್ಳಾರಿ, ಹಡಗಲಿಯವರು ಹುಬ್ಬಳ್ಳಿಯ ಕಡೆಯೂ ನೋಡಬಹುದು. ಕೇಳದೆ ಹೊರಟು ಒಂದು ಊರಿಂದ ಇನ್ನೊಂದು ಊರಿಗೆ ಅಲೆಯುವುದರಲ್ಲೇ ಹೊತ್ತು ಹೋಗುತ್ತದೆ. ದಾರಿಯಲ್ಲಿ ಊಟ, ಚಹಾ ಕೊಡಬೇಡಿ, ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗಬಹುದು.

ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ. ಬರೀ ಧೂಳಾದರೆ ಶುದ್ಧ ನೀರಿನಿಂದ ತೊಳೆಯಿರಿ. ನಾಲಿಗೆಯಿಂದ ತೆಗೆಯುವುದು, ಎದೆಹಾಲು ಬಿಡುವುದು ಬೇಡ. ಚೂರು ನಾಟಿಕೊಂಡಿದ್ದರೆ ಕೀಳಬೇಡಿ, ತೊಳೆಯಲೂ ಬೇಡಿ, ಕಣ್ಣಿಗೆ ಒತ್ತದಂತೆ ಪೇಪರ್ ಲೋಟ ಕವುಚಿ ಟೇಪ್ ಹಚ್ಚಿ ಕಣ್ಣಿನ ಡಾಕ್ಟರ ಬಳಿ ಹೋಗಿ. ಸೇಫ್ಟಿ ಕನ್ನಡಕ ಹಾಕಿದ್ದರೆ ಇಲ್ಲಿಯವರೆಗೆ ಬರುವುದು ಬಹಳ ಅಪರೂಪ. ದಿನಬಳಕೆಯ ಪವರ್ ಕನ್ನಡಕ ಪಕ್ಕದಿಂದ ಬರುವ ಚೂರನ್ನು ತಡೆಯುವುದಿಲ್ಲ.

ಸಣ್ಣ ಗಾಯವಾದರೂ ಧನುರ್ವಾಯುವಿನ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. "ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಮಾತ್ರ ಟಿಟಿ" ಎಂಬುದು ತಪ್ಪು ತಿಳಿವಳಿಕೆ. ಆ ರೋಗಾಣು ಇರುವುದು ಮಣ್ಣು, ಸಗಣಿ, ಧೂಳಿನಲ್ಲಿ. ಹೊಚ್ಚ ಹೊಸ ಬಿಟ್ ಮಾಡಿದ ಗಾಯದೊಳಗೂ ಅದು ಸೇರಬಹುದು. ಕೊನೆಯ ಇಂಜೆಕ್ಷನ್ ಯಾವ ವರ್ಷ ಹಾಕಿಸಿಕೊಂಡಿರಿ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ, ಆ ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.